ಸಾಲಿನಲ್ಲೇ ಒಂದು ಹೆಸರು

ತೀರ್ಥಪ್ಪ ಉಯಿಲು ಬರೆಸಲು ತರೀಕೆರೆಗೆ ಹೋದದ್ದು ೧೯೭೯ರ ಫೆಬ್ರವರಿಯಲ್ಲಿ. ಕಡೂರಿನಲ್ಲಿ ವಕೀಲರಿಗೇನೂ ಬರವಿರಲಿಲ್ಲ. ಆದರೆ ಅವರಲ್ಲಿ ಅರ್ಧ ಜನ ಮಧ್ಯಾಹ್ನದ ಊಟಕ್ಕೆ ಅವನ ಹೋಟ್ಲಿಗೇ ಬರುವವರು. ಒಬ್ಬರಿಗೆ ಹೇಳಿದರೂ ಎಲೆಗೆ ಸಾರು ಬೀಳುವುದರೊಳಗೆ ಇಡೀ ಪಂಕ್ತಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಬೆಳಗಿನ ತಿಂಡಿಯ ಹೊತ್ತು ಮುಗಿಸಿ, ಬಿಳಿ ಅಂಗಿ ಹಾಕಿಕೊಂಡು, ಬೀರೂರಿನ ಮೇಲೆ ಹೋಗುವ ಬಸ್ಸು ಹತ್ತಿದ.

ಆಗ ಅವನಿಗೆ ಐವತ್ತೊಂಬತ್ತು. ಬುಕ್ಕಾಂಬುಧಿಯ ಲಿಂಗಾಯತರ ಮನೆಯವನು. ನಲವತ್ತೆರಡರಲ್ಲಿ ಸೈನ್ಯಕ್ಕೆ ಸೇರಿ ಇಪ್ಪತ್ತೆರಡು ವರ್ಷ ಪಲ್ಟನ್ನಿನ ಅಡಿಗೆಯವನಾಗಿದ್ದ. ಬರ್ಮಾ ಗಡಿ, ಕಾಶ್ಮೀರ, ಚೀನಾ ಗಡಿಯ ನೇಫಾ, ಮೂರೂ ಕಡೆಯ ಯುದ್ಧ ಕಂಡಿದ್ದ. ಒಂದು ಸಲವೂ ಬಂದೂಕು ಹಾರಿಸಿರಲಿಲ್ಲ. ಸಿಪಾಯಿಗಳಿಗೆ ಮಾಂಸ ಬೇಯಿಸಿ ಹಾಕಿದವನು ಎಂಬುದು ಊರಿಗೆಲ್ಲ ತಿಳಿದಿತ್ತು. ಅರವತ್ನಾಲ್ಕರಲ್ಲಿ ನಿವೃತ್ತನಾಗಿ ಬಂದಾಗ ಅಣ್ಣನ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅತ್ತಿಗೆ ಅವನ ತಟ್ಟೆ ಲೋಟವನ್ನು ಬೇರೆ ಗೂಡಿನಲ್ಲಿ ಇಡುತ್ತಿದ್ದಳು, ಅಷ್ಟೆ. ಒಂದು ತಿಂಗಳು ಆ ತಟ್ಟೆಯಲ್ಲಿ ಉಂಡು, ಜಗಳವಾಡದೆ ಕಡೂರಿಗೆ ಬಂದು ಸ್ಟೇಷನ್ ರಸ್ತೆಯಲ್ಲಿ ಸಸ್ಯಾಹಾರದ ಹೋಟ್ಲು ಹಾಕಿದ. ಐದಾರು ವರ್ಷದಲ್ಲಿ ಆ ಕಟ್ಟಡವನ್ನೇ ಕೊಂಡು ಮೇಲೊಂದು ಅಂತಸ್ತು ಎತ್ತಿಸಿದ. ಮದುವೆಯಾಗಲಿಲ್ಲ. ಅಣ್ಣನ ಮಗಳು ಪಂಕಜಾಕ್ಷಿ ಹೈಸ್ಕೂಲು ಓದುವಾಗ ಮೂರು ವರ್ಷ ಅವನ ಮನೆಯಲ್ಲೇ ಇದ್ದಳು. ಬೇರೆ ಗೂಡಿನ ತಟ್ಟೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಈಗ ಅವಳು ಅಜ್ಜಂಪುರದಲ್ಲಿ ಟೀಚರು, ಕೊಬ್ಬರಿ ವ್ಯಾಪಾರದ ಮಲ್ಲಿಕಾರ್ಜುನನ ಹೆಂಡತಿ.

ತರೀಕೆರೆಯ ವಕೀಲ ಓಂಕಾರಮೂರ್ತಿ ಕಾಗದ ಮುಂದಿಟ್ಟುಕೊಂಡು ವಿವರ ಕೇಳಿದ. ಕಟ್ಟಡ, ಅದರ ಹಿಂದಿನ ಖಾಲಿ ಜಾಗ, ಹೋಟ್ಲಿನ ಸಾಮಾನು, ಎಲ್ಲ ಸೈನಿಕರ ಸ್ಮಾರಕ ನಿಧಿಗೆ ಹೋಗಬೇಕು ಎಂದ ತೀರ್ಥಪ್ಪ.

ಆ ನಿಧಿಯನ್ನು ಸುತ್ತಲ ತಾಲ್ಲೂಕುಗಳ ಮಾಜಿ ಸೈನಿಕರು ಎಪ್ಪತ್ತೊಂದರ ಯುದ್ಧವಾದ ಮೇಲೆ ಕಟ್ಟಿಕೊಂಡಿದ್ದರು. ಮಡಿದವರ ಹೆಸರಿನಲ್ಲಿ ಕಡೂರಿನಲ್ಲಿ ಒಂದು ಕಲ್ಲು ನಿಲ್ಲಿಸುವುದು, ಅವರ ಮನೆಯವರಿಗೆ ಕೈಲಾದ ನೆರವು ಕೊಡುವುದು ಅದರ ಕೆಲಸ.

“ಒಳ್ಳೇದೇ. ಆದ್ರೆ ಉಯಿಲು ಯಾಕೆ ತೀರ್ಥಪ್ಪನೋರೇ? ದಾನಪತ್ರ ಮಾಡಿ ಈಗ್ಲೇ ಕೊಡಬಹುದಲ್ಲ?” ಎಂದ ವಕೀಲ.

“ಈಗ ಕೊಟ್ರೆ ಹಾರ ಹಾಕ್ತಾರೆ ಸ್ವಾಮಿ. ಹೆಸ್ರು ಹಾಕಲ್ಲ.”

“ಕಟ್ಟಡಕ್ಕೆ ನಿಮ್ಮ ಹೆಸ್ರಾ? ಹಾಕ್ತಾರೆ ಬಿಡಿ.”

“ನಂದಲ್ಲ. ಬೀರಯ್ಯಂದು. ಕಲ್ಲಿನ ಮೇಲೆ.”

ವಕೀಲ ಪೆನ್ನು ಕೆಳಗಿಟ್ಟ. ತೀರ್ಥಪ್ಪ ಹೇಳಬೇಕಾದದ್ದನ್ನು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದವನಂತೆ ಹೇಳಿದ.

ಬೀರಯ್ಯ ಶಿವನಿಯವನು. ಐವತ್ತಾರರಲ್ಲಿ ತೀರ್ಥಪ್ಪ ರಜೆ ಮುಗಿಸಿ ಹೋಗುವಾಗ ಅದೇ ರೈಲಿನಲ್ಲಿ ಸಿಕ್ಕಿದ. ಕೆಲಸ ಹುಡುಕಿಕೊಂಡು ಹೊರಟಿದ್ದ. ತೀರ್ಥಪ್ಪನೇ ಅವನನ್ನು ಕರೆದುಕೊಂಡು ಹೋಗಿ ತನ್ನ ಪಲ್ಟನ್ನಿನಲ್ಲಿ ನೀರು ಹೊರುವ ಕೆಲಸಕ್ಕೆ ಸೇರಿಸಿದ. ಅರವತ್ತೆರಡರ ನವೆಂಬರಿನಲ್ಲಿ ಇಬ್ಬರೂ ನೇಫಾದಲ್ಲಿದ್ದರು. ಅಡಿಗೆಯ ಒಲೆಗಳು ಹಳ್ಳದ ದಂಡೆಯಲ್ಲಿ, ಠಾಣೆ ಮೇಲೆ ಗುಡ್ಡದಲ್ಲಿ. ಎರಡು ದಿನದಿಂದ ಮೇಲಕ್ಕೆ ಊಟ ಹೋಗಿರಲಿಲ್ಲ. ಮೂರನೆಯ ಬೆಳಿಗ್ಗೆ ತೀರ್ಥಪ್ಪ ಪೂರಿ ಕರಿದು ಡಬ್ಬ ತುಂಬಿದ. ಬೀರಯ್ಯ ಮತ್ತು ಇನ್ನಿಬ್ಬರು ಊಟವನ್ನೂ ನೀರನ್ನೂ ಬೆನ್ನಿಗೆ ಕಟ್ಟಿಕೊಂಡು ಹತ್ತಿದರು. ಎರಡನೆಯ ತಿರುವಿನಲ್ಲಿ ಗುಂಡು ಬಂತು. ಮುಂದಿದ್ದ ಬೀರಯ್ಯ ಬಿದ್ದ. ಹಿಂದಿದ್ದ ಇಬ್ಬರು ಉರುಳಿಕೊಂಡು ವಾಪಸು ಬಂದರು. ಮಧ್ಯಾಹ್ನಕ್ಕೆಲ್ಲ ಹಿಂದೆ ಸರಿಯಲು ಹುಕುಮ್ ಬಂತು. ಹೆಣ ತರಲು ಯಾರೂ ಹೋಗಲಿಲ್ಲ.

“ಅಡಿಗೆಯವನಿಗೆ ಬೆಳಿಗ್ಗೆ ಎದ್ದ ಕೂಡ್ಲೇ ಎಷ್ಟು ಜನಕ್ಕೆ ಅಂತ ಹೇಳ್ತಾರೆ ಸ್ವಾಮಿ,” ಎಂದ ತೀರ್ಥಪ್ಪ. “ಅವತ್ತಿನ ತನಕ ನೂರಾ ಹದಿನೆಂಟು. ಮಾರನೇ ದಿನ ನಲವತ್ಮೂರು ಅಂದ್ರು. ನಾವು ಆ ಲೆಕ್ಕಕ್ಕೆ ಹೊರಗೆ. ಅಡಿಗೆಯೋರು, ನೀರಿನೋರು, ಧೋಬಿ, ಹಜಾಮ, ಉಳಿದದ್ದು ಉಣ್ಣೋರು. ಬೀರಯ್ಯ ನೂರಾ ಹದಿನೆಂಟರಲ್ಲೂ ಇರ್ಲಿಲ್ಲ, ಸತ್ತ ಎಪ್ಪತ್ತೈದರಲ್ಲೂ ಇರ್ಲಿಲ್ಲ.”

ನಿಧಿಯವರು ಮೊದಲ ವರ್ಷ ಸದಸ್ಯರನ್ನು ಸೇರಿಸಿಕೊಳ್ಳುವಾಗ ತೀರ್ಥಪ್ಪನೂ ಅರ್ಜಿ ಹಾಕಿದ್ದ. ಅಧ್ಯಕ್ಷ, ನಿವೃತ್ತ ಸುಬೇದಾರ್ ಹನುಮಂತಯ್ಯ, ಅರ್ಜಿಯನ್ನು ನೀಟಾಗಿ ಮಡಿಸಿ ಕೈಗೆ ಕೊಟ್ಟಿದ್ದ. “ಬೇಜಾರ್ ಮಾಡ್ಕೋಬೇಡ ತೀರ್ಥಪ್ಪ. ನಿಯಮದಲ್ಲಿ ಹೋರಾಡೋ ಸಿಪಾಯಿ ಅಂತಲೇ ಇದೆ. ನೀವೆಲ್ಲ ಫಾಲೋವರ್ಸು.” ತೀರ್ಥಪ್ಪ ಬೇಜಾರು ತೋರಿಸಲಿಲ್ಲ. ನಿಧಿಯ ಮೀಟಿಂಗಿಗೆ ತನ್ನ ಮಹಡಿಯ ಹಜಾರವನ್ನು ಬಿಟ್ಟುಕೊಟ್ಟ. ಅವರು ಮೇಲೆ ಮಾತಾಡುವಾಗ ಕೆಳಗಿನಿಂದ ಕಾಫಿ ಕಳಿಸುತ್ತಿದ್ದ. ಎಪ್ಪತ್ತೇಳರಲ್ಲಿ ಕಲ್ಲು ಕೆತ್ತಿಸುವಾಗ ಮಾತ್ರ ತಾನೇ ಮೆಟ್ಟಿಲು ಹತ್ತಿ ಹೋಗಿ ಬೀರಯ್ಯನ ಹೆಸರು ಹೇಳಿದ. ಸುಬೇದಾರ್ ಸೈನ್ಯದ ದಫ್ತರಕ್ಕೆ ಕಾಗದ ಬರೆದು ವಿಚಾರಿಸಿದ. ಮಡಿದವರ ಪಟ್ಟಿಯಲ್ಲಿ ಆ ಹೆಸರಿಲ್ಲ ಎಂದು ಉತ್ತರ ಬಂತು. ಕಲ್ಲಿನ ಮೇಲೆ ಹನ್ನೊಂದು ಹೆಸರು ಕೆತ್ತಿದರು. ಮೂರು ರಸ್ತೆ ಕೂಡುವ ಕಡೆ ಅದನ್ನು ನಿಲ್ಲಿಸಿದರು.

ವಕೀಲ ಎಲ್ಲ ಕೇಳಿ, ಕರಡು ಬರೆದು ಓದಿದ. ತೀರ್ಥಪ್ಪ ತೀರಿಕೊಂಡ ಎರಡು ವರ್ಷದೊಳಗೆ ಶಿವನಿ ಬೀರಯ್ಯನ ಹೆಸರನ್ನು ಸ್ಮಾರಕದ ಮೇಲೆ ಮಿಕ್ಕ ಹೆಸರುಗಳ ಸಾಲಿನಲ್ಲೇ, ಅದೇ ಅಳತೆಯ ಅಕ್ಷರದಲ್ಲಿ ಕೆತ್ತಿಸಿದರೆ ಆಸ್ತಿ ನಿಧಿಗೆ ಸೇರತಕ್ಕದ್ದು.

“ಕೆತ್ತಿಸದೇ ಹೋದ್ರೆ?”

“ಪಂಕಜಾಕ್ಷಿಗೆ ಹೋಗ್ಲಿ. ನನ್ನ ಅಣ್ಣನ ಮಗಳು.”

“ಯೋಚ್ನೆ ಮಾಡಿ. ಅವರು ಕೆತ್ತಿಸದೇ ಇರ್ಲಿ ಅಂತ ಆಕೆಗೆ ಅನ್ನಿಸೋ ಹಾಗೆ ಮಾಡ್ತಿದೀರಿ.”

“ಅವಳು ಅಡ್ಡ ಬರಲ್ಲ.”

“ಅಡ್ಡ ಬರೋದೇ ಬೇಡ. ಸುಮ್ನೆ ಕೂತ್ರೆ ಸಾಕಲ್ಲ?”

“ಕೂತ್ಕೊಳ್ಳಲಿ ಬಿಡಿ. ಅದು ಅವಳಿಗೆ ಬಿಟ್ಟದ್ದು,” ಎಂದ ತೀರ್ಥಪ್ಪ. ಅವತ್ತೇ ಉಯಿಲು ರಿಜಿಸ್ಟರ್ ಆಯಿತು.

ಮುಂದಿನ ವಾರ ಅಜ್ಜಂಪುರಕ್ಕೆ ಹೋಗಿ ಪಂಕಜಾಕ್ಷಿಗೆ ಎಲ್ಲವನ್ನೂ ಹೇಳಿದ. ಅವಳು ಬಟ್ಟೆ ಮಡಿಸುತ್ತಾ ಕೇಳಿದಳು. ಮನೆ ತನಗೇ ಬರುತ್ತದೆ ಎಂದು ಅವಳು ಯಾರ ಮುಂದೆಯೂ ಅಂದವಳಲ್ಲ. ಆದರೆ ಮನಸ್ಸಿನಲ್ಲಿ ಹಾಗೇ ಇತ್ತು ಎಂಬುದು ಆ ಕ್ಷಣಕ್ಕೆ ಅವಳಿಗೇ ತಿಳಿಯಿತು.

“ನಿಮ್ಮ ಮನೆ, ನಿಮ್ಮಿಷ್ಟ ಚಿಕ್ಕಪ್ಪ. ನಂಗ್ಯಾಕೆ ಹೇಳ್ತೀರ?”

“ಆಮೇಲೆ ಬೇರೆಯೋರ ಬಾಯಿಂದ ಕೇಳಿದ್ರೆ ಬೇಜಾರಾಗುತ್ತೆ ಅಂತ. ಅವರು ಕೆತ್ತಿಸದೇ ಹೋದ್ರೆ ನಿಂಗೇ ಬರುತ್ತೆ ಕಣಮ್ಮ. ಆದ್ರೆ ಹಾಗಾಗ್ಲಿ ಅಂತ ಹರಕೆ ಮಾತ್ರ ಹೊರಬೇಡ.”

ಅವಳಿಗೆ ನಗು ಬಂತು. ಸಿಟ್ಟೂ ಇತ್ತು. ನಿಮ್ಮ ಬೀರಯ್ಯನ ಕಡೆಯವರು ಯಾರಾದರೂ ಇದ್ದಾರಾ ಎಂದು ಕೇಳಿದಳು. ಲಿಂಗಮ್ಮ ಅಂತ ಹೆಂಡತಿ ಇದ್ದಳು, ಮಕ್ಕಳಿರಲಿಲ್ಲ ಎಂದ ತೀರ್ಥಪ್ಪ. ಸೈನ್ಯದಿಂದ ಬಂದ ವರ್ಷ ಶಿವನಿಗೆ ಹೋಗಿದ್ದ. ಅವಳು ತವರಿಗೆ ಹೋಗಿದ್ದಳು. ಮತ್ತೊಮ್ಮೆ ಹೋಗುವಷ್ಟರಲ್ಲಿ ಬೇರೆ ಮದುವೆಯಾಗಿದ್ದಾಳೆಂದು ತಿಳಿಯಿತು. ಸ್ಟೇಷನ್ನಿನಿಂದಲೇ ವಾಪಸು ಬಂದ. “ಹೊಸ ಮನೆಗೆ ಹಳೇ ಸುದ್ದಿ ಹೊತ್ಕೊಂಡು ಹೋಗೋದು ಸರಿ ಅನ್ನಿಸ್ಲಿಲ್ಲ,” ಎಂದ.

ಎಂಬತ್ಮೂರರ ಮೇ ಇಪ್ಪತ್ತಕ್ಕೆ ತೀರ್ಥಪ್ಪ ಎದೆನೋವಿನಿಂದ ತೀರಿಕೊಂಡ. ಬೆಳಗಿನ ಇಡ್ಲಿ ಇಳಿಸಿ, ಕೈ ಒರೆಸಿಕೊಂಡು ಕುರ್ಚಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಬುಕ್ಕಾಂಬುಧಿಯ ಅಣ್ಣನ ಹೊಲದಲ್ಲಿ ಸಮಾಧಿ ಮಾಡಿದರು. ತೀರ್ಥಪ್ಪ ನಿಧಿಯ ಸದಸ್ಯನಲ್ಲದಿದ್ದರೂ ಸುಬೇದಾರ್ ಹನುಮಂತಯ್ಯ ಆರು ಜನ ಮಾಜಿ ಸೈನಿಕರನ್ನು ಕರೆದುಕೊಂಡು ಬಂದು, ಬಿಸಿಲಿನಲ್ಲಿ ಸಾಲಾಗಿ ನಿಂತು ಸೆಲ್ಯೂಟ್ ಹೊಡೆದ. ಉಯಿಲಿನ ವಿಚಾರ ಅವನಿಗೆ ಅವತ್ತು ಗೊತ್ತಿರಲಿಲ್ಲ.

ಗೊತ್ತಾದದ್ದು ಹದಿನೈದು ದಿನದ ಮೇಲೆ, ವಕೀಲನ ನೋಟೀಸು ಬಂದಾಗ. ಸುಬೇದಾರ್ ಅದನ್ನು ಹಿಡಿದುಕೊಂಡು ಅಜ್ಜಂಪುರಕ್ಕೆ ಬಂದ. ಪಂಕಜಾಕ್ಷಿಯ ಮನೆಯ ಜಗಲಿಯಲ್ಲಿ ಬೆನ್ನು ನೇರ ಮಾಡಿಕೊಂಡು ಕೂತ.

“ನೋಡಮ್ಮ, ತೀರ್ಥಪ್ಪನ ಮೇಲೆ ನಂಗೆ ಗೌರವ ಇದೆ. ಕಲ್ಲಿನ ಹಿಂದ್ಗಡೆ ಜಾಗ ಇದೆ. ಅಲ್ಲಿ ಬೇಕಾದ್ರೆ ಬೀರಯ್ಯನ ಹೆಸ್ರು ಕೆತ್ತಿಸ್ತೀನಿ. ಮುಂದ್ಗಡೆ ಆಗಲ್ಲ. ಅಲ್ಲಿರೋ ಹನ್ನೊಂದು ಜನದ್ದೂ ದಫ್ತರದ ಕಾಗದ ನನ್ನ ಹತ್ರ ಇದೆ. ಈ ಮನುಷ್ಯ ಹ್ಯಾಗೆ ಸತ್ತ ಅನ್ನೋದಕ್ಕೆ ತೀರ್ಥಪ್ಪನ ಬಾಯಿಮಾತು ಬಿಟ್ರೆ ಏನಿದೆ? ನಾಳೆ ಇನ್ನೊಬ್ಬ ಬಂದು ನಮ್ಮ ಮಾವನ ಹೆಸ್ರೂ ಹಾಕಿ ಅಂದ್ರೆ?”

“ಉಯಿಲಿನಲ್ಲಿ ಸಾಲಿನಲ್ಲೇ ಅಂತಿದೆ,” ಎಂದಳು ಪಂಕಜಾಕ್ಷಿ.

“ಇದೆ. ಅದಕ್ಕೇ ಹೇಳ್ತಿದೀನಿ, ಕಾಗದ ತನ್ನಿ. ಕಮಿಟಿ ಮುಂದೆ ಇಡ್ತೀನಿ. ಕಾಗದ ಇಲ್ದೆ ಕಟ್ಟಡದ ಆಸೆಗೆ ಹೆಸ್ರು ಹಾಕಿದ್ರೆ ಉಳಿದೋರಿಗೆ ಅವಮಾನ.”

ಅವನು ಹೋದ ಮೇಲೆ ಮಲ್ಲಿಕಾರ್ಜುನ ಒಳಗಿನಿಂದ ಬಂದ. ಕಡೂರಿನಲ್ಲಿ ಒಂದು ಅಂಗಡಿ ಹಾಕಬೇಕೆಂಬುದು ಅವನ ಬಹಳ ದಿನದ ಆಸೆ.

“ಹಟದ ಮನುಷ್ಯ. ಅವನೇ ಬೇಡ ಅಂದ್ಮೇಲೆ ನಾವೇನ್ ಮಾಡೋಣ? ಎರಡು ವರ್ಷ ಸುಮ್ನಿರು ಕಣೇ. ನಾವ್ಯಾರಿಗೂ ಮೋಸ ಮಾಡ್ತಿಲ್ಲ.”

ಪಂಕಜಾಕ್ಷಿ ಸುಮ್ಮನಿದ್ದಳು. ಹೋಟ್ಲನ್ನು ಹಳೆಯ ಅಡಿಗೆಯವನೇ ನಡೆಸಿಕೊಂಡು ಹೋದ. ಒಂದು ವರ್ಷ ಕಳೆಯಿತು, ಇನ್ನೂ ಅರ್ಧ ವರ್ಷ ಕಳೆಯಿತು. ಶಿವನಿ ಅಜ್ಜಂಪುರದಿಂದ ರೈಲಿನಲ್ಲಿ ಒಂದೇ ನಿಲ್ದಾಣ. ಸ್ಕೂಲಿನ ಕೆಲಸ, ಮಗುವಿನ ದಡಾರ, ಮಲ್ಲಿಕಾರ್ಜುನನ ತಂಗಿಯ ಮದುವೆ, ಒಂದಲ್ಲ ಒಂದು ಇದ್ದೇ ಇತ್ತು. ಹೋಗದಿರುವುದಕ್ಕೆ ಅವು ಯಾವುವೂ ಕಾರಣವಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಎಂಬತ್ತೈದರ ಮಾರ್ಚಿನಲ್ಲಿ ವಿಧಾನಸಭೆಯ ಚುನಾವಣೆ ಬಂತು. ಟೀಚರುಗಳಿಗೆಲ್ಲ ಮತಗಟ್ಟೆಯ ಕೆಲಸ ಬಿತ್ತು. ಪಂಕಜಾಕ್ಷಿಗೆ ಬಂದ ಆದೇಶದಲ್ಲಿ ಶಿವನಿ ಎಂದಿತ್ತು. ಮಲ್ಲಿಕಾರ್ಜುನ ಓದಿ, “ಓಟು ಹಾಕಿಸ್ಕೊಂಡು ಬಾ, ಅಷ್ಟೆ,” ಎಂದ.

ಮತದಾನದ ಹಿಂದಿನ ದಿನ ಮೂರು ಗಂಟೆಗೆ ಸರ್ಕಾರಿ ಬಸ್ಸು ಅವರನ್ನು ಶಿವನಿಯ ಸ್ಕೂಲಿನ ಮುಂದೆ ಇಳಿಸಿತು. ಬೆಂಚು ಜೋಡಿಸಿ, ಪರದೆ ಕಟ್ಟಿ, ಐದು ಗಂಟೆಗೆ ಕೆಲಸ ಮುಗಿಯಿತು. ಪಂಕಜಾಕ್ಷಿ ಮತದಾರರ ಪಟ್ಟಿ ತಿರುವಿಹಾಕುತ್ತಾ ಕೂತಿದ್ದಳು. ನೀರು ತಂದಿಟ್ಟ ಊರ ತೋಟಿಯನ್ನು, ಇಲ್ಲಿ ಮಿಲ್ಟ್ರಿಗೆ ಹೋಗಿದ್ದ ಬೀರಯ್ಯ ಅಂತ ಇದ್ದರಾ ಎಂದು ಕೇಳಿಯೇಬಿಟ್ಟಳು.

“ಅವ್ನು ಸತ್ತು ಯಾವ್ ಕಾಲ ಆಯ್ತು ತಾಯಿ! ಅವ್ನ ಹೆಂಡ್ರು ಲಿಂಗಮ್ಮ ಕೂಡಿಕೆ ಆಗಿ ಈಗ ಕೆಂಚಪ್ಪನ ಮನೇಲವ್ಳೆ. ಅಗಾ, ಆ ಹುಣಸೆಮರ ಕಾಣ್ತದಲ್ಲ, ಅದೇ ಮನೆ.”

ಲಿಂಗಮ್ಮ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ನಲವತ್ತೈದರ ಮೇಲಿನ, ಗಟ್ಟಿ ಮೈಯ ಹೆಂಗಸು. ಆಚೆ ಕೊಟ್ಟಿಗೆಯ ಬಾಗಿಲಲ್ಲಿ ಕೆಂಚಪ್ಪ ಹಗ್ಗ ಹೊಸೆಯುತ್ತಿದ್ದ. ಪಂಕಜಾಕ್ಷಿ ತಾನು ಯಾರೆಂದು ಹೇಳಿದಳು. ತೀರ್ಥಪ್ಪನ ಹೆಸರು ಹೇಳುತ್ತಲೇ ಲಿಂಗಮ್ಮನ ಕೈ ನಿಂತಿತು. ಅವಳು ಒಮ್ಮೆ ಗಂಡನ ಕಡೆ ನೋಡಿದಳು.

“ಕೇಳಿದೀನಿ ಕಣವ್ವ. ಕಾಗ್ದ ಬರ್ಸಿದಾಗೆಲ್ಲ ತೀರ್ಥಪ್ಪಣ್ಣನ ಸಾರು ಅಂತ ಬರ್ಸ್ತಿದ್ದ. ಅವ್ರು ಇದಾರಾ?”

“ಇಲ್ಲ. ಹೋದ ವರ್ಷದ ಹಿಂದಿನ ವರ್ಷ ಹೋಗ್ಬಿಟ್ರು.”

ಪಂಕಜಾಕ್ಷಿ ಉಯಿಲಿನ ಮಾತು ಎತ್ತಲಿಲ್ಲ. ಕಡೂರಿನಲ್ಲಿ ಒಂದು ಕಲ್ಲಿದೆ, ಅದರ ಮೇಲೆ ಬೀರಯ್ಯನ ಹೆಸರು ಹಾಕಿಸಬೇಕೆಂದು ಚಿಕ್ಕಪ್ಪನಿಗೆ ಇತ್ತು, ಅದಕ್ಕೆ ಸೈನ್ಯದ ಕಾಗದ ಬೇಕಂತೆ ಎಂದಳು. ಏನೂ ಇರಲಾರದು ಎಂದುಕೊಂಡೇ ಕೇಳಿದ್ದಳು. ಇಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು.

ಲಿಂಗಮ್ಮ ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದಳು. ಅದರಲ್ಲಿ ಬಟ್ಟೆಯ ಚೂರಿನಲ್ಲಿ ಸುತ್ತಿದ ಕಾಗದವಿತ್ತು. ಮಡಿಕೆಯಲ್ಲಿ ಹರಿಯುವಂತಾಗಿತ್ತು, ಟೈಪು ಮಾಡಿದ್ದು, ಇಂಗ್ಲಿಷಿನಲ್ಲಿ. ಕೆಳಗೆ ಒಬ್ಬ ಮೇಜರನ ಸಹಿ.

“ಆಗ ಇದ್ದ ಮೇಷ್ಟ್ರು ಓದಿ ಹೇಳಿದ್ರು. ಸತ್ತೋಗವ್ನೆ, ಇಲ್ಲಿ ಹೆಬ್ಬೆಟ್ಟು ಒತ್ತು ಅಂದ್ರು. ಆಮೇಲೆ ಯಾರ್ಗೂ ತೋರ್ಸ್ಲಿಲ್ಲ.”

ಪಂಕಜಾಕ್ಷಿ ಒಮ್ಮೆ ಮನಸ್ಸಿನಲ್ಲಿ ಓದಿಕೊಂಡಳು. ಆಮೇಲೆ ಒಂದೊಂದೇ ವಾಕ್ಯವನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದಿದಳು. ಮುಂದಿನ ಠಾಣೆಯವರಿಗೆ ಊಟವನ್ನೂ ನೀರನ್ನೂ ಹೊತ್ತುಕೊಂಡು ಹೋಗುತ್ತಿದ್ದಾಗ ಶತ್ರುಗಳ ಗುಂಡು ತಗುಲಿ ನಿಮ್ಮ ಪತಿ ಮಡಿದರು. ಎರಡು ದಿನದಿಂದ ಹಸಿದಿದ್ದವರ ಕಡೆಗೆ ಅವರು ತಾವಾಗಿಯೇ ಮುಂದಾಗಿ ಹೊರಟರು. ಅವರ ದೇಹವನ್ನು ತರಲಾಗದ್ದಕ್ಕೆ ವಿಷಾದಿಸುತ್ತೇನೆ.

“ಗುಂಡಿಗಾ?” ಎಂದಳು ಲಿಂಗಮ್ಮ.

“ಹೂಂ.”

“ಮೇಷ್ಟ್ರು ಚಳಿಗೆ ಅಂದಿದ್ರು. ಹಿಮದಾಗೆ ಮಲ್ಗಿದೋನು ಎದ್ದೇಳ್ಲಿಲ್ಲ ಅಂತ. ಮಾಗೀಲಿ ಕಂಬಳಿ ಹೊದ್ಕೊಳ್ಳೋವಾಗೆಲ್ಲ ನಂಗೆ ಅದೇ ಗ್ಯಾನ ಕಣವ್ವ, ಇಪ್ಪತ್ತೆರಡು ವರ್ಷ.” ಅವಳು ಸೆರಗಿನಿಂದ ಕೈಗೆ ಅಂಟಿದ ಹುಣಸೆ ಒರೆಸಿಕೊಂಡಳು. “ಬೇಗ ಹೋಯ್ತಾ ಜೀವ?”

“ಬಿದ್ದೋರು ಅಲ್ಲಾಡಲಿಲ್ಲ ಅಂತ ಚಿಕ್ಕಪ್ಪ ಹೇಳಿದ್ರು. ಅವರು ಕೆಳಗಿನಿಂದ ನೋಡ್ತಿದ್ರಂತೆ.”

ಲಿಂಗಮ್ಮ ತಲೆಯಾಡಿಸಿದಳು. ಅಳಲಿಲ್ಲ. “ಕಾಗ್ದ ತಗಂಡ್ ಹೋಗಿ. ಹೆಸ್ರು ಕೆತ್ತಿಸ್ರಿ. ಆದ್ರೆ ನನ್ನ ಕರೀಬ್ಯಾಡಿ,” ಎಂದಳು. “ಮೂರು ಮಕ್ಕಳ ತಾಯಿ ಆಗಿವ್ನಿ. ಹಳೇದನ್ನ ಹೊತ್ಕೊಂಡು ಎಲ್ಲಾರ್ ಮುಂದೆ ಹ್ಯಾಗೆ ನಿಂತ್ಕಳ್ಲಿ? ಇವ್ರಿಗೂ ಚೆನ್ನಾಗಿರಲ್ಲ.”

ಕೊಟ್ಟಿಗೆಯ ಬಾಗಿಲಿನಿಂದ ಕೆಂಚಪ್ಪ ಹಗ್ಗ ಬಿಡದೆಯೇ ಹೇಳಿದ. “ನಂಗೇನ್ ಚೆನ್ನಾಗಿರಲ್ಲ? ನಾನೂ ಅವ್ನೂ ಒಟ್ಗೇ ದನ ಕಾಯ್ದೋರು. ಕರೀರಿ ಟೀಚರಮ್ಮ. ನಾನೇ ಕರ್ಕಂಡ್ ಬತ್ತೀನಿ.”

“ಜನ ಏನಂತಾರೆ?”

“ಅನ್ಲಿ ಬಿಡು. ಅಂದ್ಕೊಂಡು ಅವ್ರು ಊಟ ಬಿಡ್ತಾರಾ?”

ಲಿಂಗಮ್ಮ ಕಾಗದವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಕೊಡುವಾಗ, “ವಾಪಸ್ ಕೊಡ್ತೀರಿ ತಾನೆ?” ಎಂದಳು. ಮಾರನೆಯ ದಿನ ಓಟು ಹಾಕಲು ಬಂದಾಗ ಬೆರಳಿಗೆ ಶಾಯಿ ಹಚ್ಚಿದ್ದು ಪಂಕಜಾಕ್ಷಿಯೇ.

ಕಾಗದ ಮೂರು ದಿನ ಅಜ್ಜಂಪುರದ ಮನೆಯ ಟ್ರಂಕಿನಲ್ಲಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಪಂಕಜಾಕ್ಷಿ ರಜೆ ಹಾಕಿ ಸೀರೆ ಉಟ್ಟಳು. ಮಲ್ಲಿಕಾರ್ಜುನನಿಗೆ ಅರ್ಥವಾಯಿತು.

“ಇನ್ನು ಎರಡೇ ತಿಂಗಳು ಇದ್ದದ್ದು ಕಣೇ.”

“ಗೊತ್ತು.”

“ಇಷ್ಟು ದಿನ ಸುಮ್ನಿದ್ದೋಳು ಈಗ ಯಾಕೆ?”

“ಇಷ್ಟು ದಿನ ಕಾಗದ ಇದೆ ಅಂತ ಗೊತ್ತಿರ್ಲಿಲ್ಲ ರೀ. ಈಗ ಗೊತ್ತಿದ್ದೂ ಸುಮ್ನಿದ್ರೆ ಅದು ಕದ್ದ ಹಾಗೆ.”

“ನಿಮ್ಮ ಚಿಕ್ಕಪ್ಪ ಸತ್ತೋರಿಗೆ ಮನೆ ಕೊಟ್ಟ. ಇರೋರಿಗೆ ಏನು ಕೊಟ್ಟ?” ಎಂದು ಮಲ್ಲಿಕಾರ್ಜುನ ಅಂಗಡಿಗೆ ಹೊರಟುಹೋದ. ಅವಳು ಕಡೂರಿನವರೆಗೂ ಬಸ್ಸಿನಲ್ಲಿ ಅದನ್ನೇ ಯೋಚಿಸಿದಳು. ತನ್ನನ್ನು ಓದಿಸಿದ್ದನ್ನು ಹೇಳಬಹುದಿತ್ತು. ಆದರೆ ಗಂಡ ಕೇಳಿದ್ದು ಅದನ್ನಲ್ಲ.

ಸುಬೇದಾರ್ ಹನುಮಂತಯ್ಯ ಕನ್ನಡಕ ಹಾಕಿಕೊಂಡು ಕಾಗದವನ್ನು ನಿಂತುಕೊಂಡೇ ಎರಡು ಸಲ ಓದಿದ. ಕೆಳಗಿನ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದ.

“ಇದು ಎಂಟು ವರ್ಷದ ಹಿಂದೆ ಸಿಕ್ಕಿದ್ರೆ ಅವತ್ತೇ ಹಾಕ್ತಿದ್ದೆ,” ಎಂದ. “ಪಟ್ಟಿಯಲ್ಲಿ ಯಾಕಿಲ್ಲ ಅಂದ್ರೆ, ಫಾಲೋವರ್ಸ್ ಪಟ್ಟಿ ಬೇರೆ. ನಾನು ಅದನ್ನ ಕೇಳಲೇ ಇಲ್ಲ. ತಪ್ಪು ನಂದೇ.”

ಅವತ್ತು ಸಂಜೆಯೇ ಕಮಿಟಿ ಸೇರಿತು. ಒಬ್ಬಿಬ್ಬರು ನಿಯಮದ ಮಾತೆತ್ತಿದರು. ನಿಯಮ ಸದಸ್ಯರಿಗೆ, ಸತ್ತವರಿಗಲ್ಲ ಎಂದು ಸುಬೇದಾರ್ ಅವರನ್ನು ಕೂರಿಸಿದ. ಅವನ ಮನಸ್ಸು ತಿರುಗಿದ್ದು ಕಾಗದ ನೋಡಿದ್ದಕ್ಕೋ ಕಟ್ಟಡ ಕೈತಪ್ಪುವ ದಿನ ಹತ್ತಿರವಾದದ್ದಕ್ಕೋ, ಕಮಿಟಿಯವರಲ್ಲೇ ಎರಡು ಮಾತಿತ್ತು. ಎರಡೂ ಇದ್ದಿರಬಹುದು.

ಹಳೆಯ ಕಲ್ಲಿನಲ್ಲಿ ಹನ್ನೆರಡನೆಯ ಸಾಲಿಗೆ ಜಾಗವಿರಲಿಲ್ಲ. ಹೊಸ ಚಪ್ಪಡಿ ತರಿಸಬೇಕಾಯಿತು. ಸುಬೇದಾರ್ ದಿನಾ ಬೆಳಿಗ್ಗೆ ಎಂಟಕ್ಕೆ ಕಲ್ಲುಕುಟಿಗನ ಮುಂದೆ ಹಾಜರಾಗುತ್ತಿದ್ದ, ಗೆರೆ ಹಾಕುವ ದಾರವನ್ನು ತಾನೇ ಹಿಡಿಯುತ್ತಿದ್ದ. ಹೊಸದಾಗಿ ಕೆತ್ತಿಸುವುದೇ ಆದರೆ ಬಿಟ್ಟುಹೋದ ಬೇರೆಯವರೂ ಇರಬಹುದು ಎಂದು ಸುತ್ತಲ ಊರುಗಳಿಗೆ ಹೇಳಿಕಳಿಸಿದ. ಯಾರೂ ಅವನನ್ನು ಹಾಗೆ ಮಾಡೆಂದು ಕೇಳಿರಲಿಲ್ಲ. ಎರಡು ಮನೆಯವರು ಕಾಗದ ಹಿಡಿದುಕೊಂಡು ಬಂದರು. ಒಬ್ಬ ಕಾಶ್ಮೀರದಲ್ಲಿ ಸತ್ತ ಹೇಸರಗತ್ತೆ ಹೊಡೆಯುವವನು, ಇನ್ನೊಬ್ಬ ಅರವತ್ತೈದರಲ್ಲಿ ಶೆಲ್ಲು ಬಿದ್ದು ಸತ್ತ ಹಜಾಮ. ಹೆಸರುಗಳು ಹದಿನಾಲ್ಕಾದವು. ಹಳೆಯ ಕಲ್ಲಿನಲ್ಲಿ ಹುದ್ದೆಯ ಪ್ರಕಾರ ಸಾಲು ಮಾಡಿದ್ದರು. ಹೊಸದರಲ್ಲಿ ಸುಬೇದಾರ್ ಸತ್ತ ತಾರೀಖಿನ ಪ್ರಕಾರ ಮಾಡಿಸಿದ. ಬೀರಯ್ಯ ನಾಲ್ಕನೆಯವನಾದ.

ಮೇ ಹನ್ನೆರಡು, ಭಾನುವಾರ ಬೆಳಿಗ್ಗೆ ಕಲ್ಲಿನ ಮೇಲಿನ ಬಟ್ಟೆ ತೆಗೆದರು. ಗಡುವಿಗೆ ಇನ್ನು ಎಂಟು ದಿನವಿತ್ತು. ವಕೀಲ ಓಂಕಾರಮೂರ್ತಿ ತರೀಕೆರೆಯಿಂದ ಬಂದು ಅಡಿಪಟ್ಟಿ ಹಿಡಿದು ಅಕ್ಷರಗಳನ್ನು ಅಳೆದ. ಸುಬೇದಾರ್ ಅದಕ್ಕೆ ಬೇಸರಪಡಲಿಲ್ಲ, ಪಟ್ಟಿಯ ಇನ್ನೊಂದು ತುದಿ ಹಿಡಿದುಕೊಂಡ. ಭಾಷಣ ಚಿಕ್ಕದಾಗಿಯೇ ಇತ್ತು. ತೀರ್ಥಪ್ಪನ ಹೆಸರು ಹೇಳುವಾಗ ಸುಬೇದಾರ್ ಮೊದಲು ‘ನಮ್ಮ ಸದಸ್ಯ’ ಎಂದು, ಆಮೇಲೆ ತಡವರಿಸಿ, “ಸದಸ್ಯ ಆಗಬೇಕಿತ್ತು, ನಾವು ಮಾಡ್ಕೊಳ್ಳಲಿಲ್ಲ,” ಎಂದ.

ಆಮೇಲಿನ ಗುರುವಾರ ಕಟ್ಟಡದ ಖಾತೆ ಬದಲಾಯಿಸುವ ಅರ್ಜಿಗೆ ಪಂಕಜಾಕ್ಷಿ ತನ್ನದೇನೂ ತಕರಾರಿಲ್ಲವೆಂದು ಸಹಿ ಹಾಕಿದಳು. ಕೀಲಿಕೈ ಕೊಟ್ಟಳು. ಮೇಲಿನ ಹಜಾರ ಪೆನ್ಷನ್ನಿಗೆ ಬರುವ ಹೆಂಗಸರು ಕೂತು ಸುಧಾರಿಸಿಕೊಳ್ಳಲು, ಕೆಳಗಿನ ಹೋಟ್ಲಿನ ಬಾಡಿಗೆ ಮಡಿದವರ ಮಕ್ಕಳ ಓದಿಗೆ ಎಂದು ನಿಧಿಯವರು ಠರಾವು ಮಾಡಿದರು. ಸಹಿ ಹಾಕಿ ಹೊರಗೆ ಬಂದಾಗ ಅವಳಿಗೆ ನಿರಾಳವೆನ್ನಿಸಲಿಲ್ಲ, ದುಃಖವೂ ಆಗಲಿಲ್ಲ. ಮನೆ ತನ್ನದಾಗಿದ್ದರೆ ಚೆನ್ನಾಗಿರುತ್ತಿತ್ತು ಎಂದು ಒಮ್ಮೆ ನೇರವಾಗಿ ಅಂದುಕೊಂಡಳು. ಮೂರೂವರೆಯ ಬಸ್ಸಿಗೆ ಅಜ್ಜಂಪುರಕ್ಕೆ ಹೋದಳು.

ಮಲ್ಲಿಕಾರ್ಜುನ ಅವಳ ಜೊತೆ ಮಾತು ಬಿಟ್ಟು ಮೂರು ವಾರದ ಮೇಲಾಗಿತ್ತು. ಬೇಕಾದದ್ದನ್ನು ಮಗುವಿಗೆ ಹೇಳಿ ಹೇಳಿಸುತ್ತಿದ್ದ. ಕಲ್ಲಿನ ಕಾರ್ಯಕ್ಕೂ ಬಂದಿರಲಿಲ್ಲ. ಜೂನ್ ಮೊದಲ ವಾರ ಒಂದು ಮಧ್ಯಾಹ್ನ ಊಟಕ್ಕೆ ಬಂದವನು ಕೈ ತೊಳೆದು ಮಣೆಯ ಮೇಲೆ ಕೂತ. ಅವಳು ರೊಟ್ಟಿ ಹಾಕಿದಳು. ಅವನು ಮುರಿಯದೆ ಕೂತಿದ್ದ.

“ಆ ಶಿವನಿ ಹೆಂಗ್ಸು ಬಂದಿದ್ಲಾ?”

“ಬಂದಿದ್ರು. ಇಬ್ರೂ.”

“ಇಬ್ರೂ ಅಂದ್ರೆ? ಆ ಕೆಂಚಪ್ಪನೂನಾ?”

“ಅವನೇ ಕರ್ಕೊಂಡ್ ಬಂದ. ಬೆಳಗಿನ ರೈಲಿಗೇ ಬಂದು ಕಲ್ಲಿನ ಹತ್ರ ಕಾಯ್ತಾ ಕೂತಿದ್ರು. ಆಕೆಗೆ ಓದಕ್ಕೆ ಬರಲ್ಲ. ಇವನಿಗೆ ಅಷ್ಟಿಷ್ಟು ಬರುತ್ತೆ. ಒಂದೊಂದೇ ಅಕ್ಷರ ಬೆರಳಿಟ್ಟು ಓದಿ ಹೇಳ್ದ. ಸಾಲಿನಲ್ಲಿರೋ ಉಳಿದೋರ ಹೆಸ್ರನ್ನೂ ಓದ್ದ, ಹದಿನಾಲ್ಕೂ. ಹೂವಿನ ಹಾರ ಹಾಕಿ ಅಂತ ಅವಳನ್ನ ಕರೆದಾಗ ಹಿಂದೆ ಸರಿದ್ಲು. ಇವನು ಬೆನ್ನ ಮೇಲೆ ಕೈ ಇಟ್ಟು ಮುಂದೆ ಕಳಿಸ್ದ.”

ಮಲ್ಲಿಕಾರ್ಜುನ ನೀರಿನ ಲೋಟ ಎತ್ತಿ ಒಂದು ಗುಟುಕು ಕುಡಿದ.

“ಅವನ ಜಾಗದಲ್ಲಿ ನಾನಾಗಿದ್ರೆ ಹೋಗ್ತಿರ್ಲಿಲ್ಲ ಕಣೇ,” ಎಂದ. ಆಮೇಲೆ ರೊಟ್ಟಿ ಮುರಿದು, ಪಲ್ಯ ಹಾಕಲು ತಟ್ಟೆಯನ್ನು ಅವಳ ಕಡೆ ಸರಿಸಿದ.